‘ಸರ್ವರ್ ಸರಿ ಮಾಡಿ ಕೊಡ್ತೇವೆ’ ಅಂತ ಹೇಳುವವರಿಗೆ ಪ್ರೈವೇಟ್ ಕೀ ಕಳಿಸ್ಬೇಡಿ

ನಮ್ಮ ಕಾಸರಗೋಡು ಕಡೆ ಸಂಘಕ್ಕೋ ಶಾಲೆಗೋ ಅಂತ ಸಣ್ಣ ಸರ್ವರ್ ಬಾಡಿಗೆಗೆ ತಗೊಂಡು ನಡೆಸುವವರು ಯಾರಿದ್ರೂ ದಯವಿಟ್ಟು ಇದನ್ನು ಪೂರ್ತಿ ಓದಿ.

ಬದಿಯಡ್ಕ ಹತ್ರ ನಮ್ದೊಂದು ಸಂಘ ಉಂಟು. ಹಳೇ ತಾಳಮದ್ದಳೆ ಕ್ಯಾಸೆಟ್‌ಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಒಂದು ಉಬುಂಟು ಸರ್ವರಲ್ಲಿ ಇಟ್ಟಿದ್ದೇವೆ, ಅದರಲ್ಲಿ ಅರ್ಥ ಹೇಳಿದ ಕೆಲವರು ಈಗ ಇಲ್ಲ, ಆ ಸ್ವರ ಬೇರೆಲ್ಲೂ ಸಿಗುದಿಲ್ಲ. ಈ ಮಳೆಗಾಲದಲ್ಲಿ ಎಸ್ಎಸ್ಎಚ್ ಮಾಡಿದ್ರೆ (ಅಂದ್ರೆ ದೂರದಿಂದ ಸರ್ವರ್ ಒಳಗೆ ಹೋಗ್ಲಿಕ್ಕೆ ನೋಡಿದ್ರೆ) ‘ಪರ್ಮಿಷನ್ ಡಿನೈಡ್, ಪಬ್ಲಿಕ್ ಕೀ’ ಅಂತ ಬರ್ಲಿಕ್ಕೆ ಶುರುವಾಯ್ತು. ನಾನು ಊರಲ್ಲಿರ್ಲಿಲ್ಲ. ಸಂಘದವರು ಪಾಪ ಗಾಬರಿಯಲ್ಲಿ ನೆಟ್ಟಲ್ಲಿ ಹುಡುಕಿ ಒಬ್ಬ ರಿಮೋಟ್ ಸಪೋರ್ಟ್‌ನವನಿಗೆ ಫೋನ್ ಮಾಡಿದ್ರು, ಅವ ಮೊದಲು ದುಡ್ಡು ಹಾಕಿಸ್ಕೊಂಡ, ಮತ್ತೆ ಕಂಟ್ರೋಲ್ ಪ್ಯಾನೆಲ್ ಪಾಸ್‌ವರ್ಡ್, ರೂಟ್ (ಸರ್ವರಿನ ಯಜಮಾನ ಅಕೌಂಟ್) ಪಾಸ್‌ವರ್ಡ್, ಪ್ರೈವೇಟ್ ಕೀ ಫೈಲ್ ಎಲ್ಲ ವಾಟ್ಸಾಪಲ್ಲಿ ತರಿಸಿಕೊಂಡ.

ನೋಡಿ, ಪ್ರೈವೇಟ್ ಕೀ ಅಂದ್ರೆ ನಮ್ಮ ಹತ್ರ ಮಾತ್ರ ಇರ್ಬೇಕಾದ ಗುಟ್ಟಿನ ಬೀಗದಕೈ, ಪಬ್ಲಿಕ್ ಕೀ ಅಂದ್ರೆ ಸರ್ವರಲ್ಲಿ ಇಡುವ ಅದರ ಜೋಡಿ. ಪ್ರೈವೇಟ್ ಕೀ ಬೇರೆ ಯಾರಿಗೂ ಬೇಕಾಗುದೇ ಇಲ್ಲ. ನಿಜವಾಗಿ ಕೆಲಸ ಗೊತ್ತಿರುವವ ತನ್ನ ಪಬ್ಲಿಕ್ ಕೀ ಕಳಿಸಿ ಇದನ್ನು ಸರ್ವರಿನ ಆಥರೈಸ್ಡ್ ಕೀಸ್ ಫೈಲಿಗೆ (ಒಳಗೆ ಬಿಡುವ ಕೀಗಳ ಪಟ್ಟಿ) ಸೇರಿಸಿ ಅಂತ ಹೇಳ್ತಾನೆ, ಕೆಲಸ ಮುಗಿದ ಮೇಲೆ ನಾವು ಆ ಒಂದು ಸಾಲು ತೆಗೆದ್ರೆ ಆಯ್ತು.

ಅಸಲಿಗೆ ಆಗಿದ್ದು ತುಂಬ ಸಣ್ಣ ವಿಷಯ. ಆಡಿಯೋ ಅಪ್‌ಲೋಡ್ ಆಗ್ಲಿ ಅಂತ ಯಾರೋ ಹೋಮ್ ಫೋಲ್ಡರಿಗೆ ಎಲ್ಲರೂ ಬರೆಯುವ ಪರ್ಮಿಷನ್ ಕೊಟ್ಟಿದ್ರು. ಹಾಗೆ ಇದ್ರೆ ಎಸ್ಎಸ್ಎಚ್ ಆ ಯೂಸರಿನ ಕೀಯನ್ನು ನಂಬುದೇ ಇಲ್ಲ, ಲಾಗಲ್ಲಿ ‘ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್’ ಅಂತ ಚಂದ ಮಾಡಿ ಬರ್ದಿರ್ತದೆ. ಪ್ಯಾನೆಲ್‌ನ ಕನ್ಸೋಲಲ್ಲಿ (ಎಸ್ಎಸ್ಎಚ್ ಇಲ್ಲದೆ ತೆರೆಯುವ ಪರದೆ) ಒಳಗೆ ಹೋಗಿ ಹೋಮಿಗೆ 755, ಡಾಟ್ ಎಸ್ಎಸ್ಎಚ್ ಫೋಲ್ಡರಿಗೆ 700, ಆಥರೈಸ್ಡ್ ಕೀಸ್ ಫೈಲಿಗೆ 600 ಅಂತ ಪರ್ಮಿಷನ್ ಕೊಟ್ಟಿದ್ರೆ ಮುಗೀತಿತ್ತು.

ಅವ ಲಾಗ್ ನೋಡ್ಲೇ ಇಲ್ಲ. ಪರ್ಮಿಷನ್ ಅಂತ ಕಂಡದ್ದಕ್ಕೆ ಎಲ್ಲದಕ್ಕಿಂತ ಮೇಲಿನ ಫೋಲ್ಡರಿಂದ ಕೆಳಗೆ ಇಡೀ ಸಿಸ್ಟಮಿಗೇ 777 (ಎಲ್ಲರಿಗೂ ಎಲ್ಲ ಪರ್ಮಿಷನ್) ಕೊಟ್ಟು ರೀಬೂಟ್ ಮಾಡಿದ. ಸರ್ವರ್ ತನ್ನ ಗುರುತಿಗೆ ಇಟ್ಟುಕೊಂಡ ಹೋಸ್ಟ್ ಕೀಗಳೇ ಎಲ್ಲರಿಗೂ ತೆರೆದ ಮೇಲೆ ಎಸ್ಎಸ್ಎಚ್ ಏಳುದಿಲ್ಲ, 777 ಹಾಕುವಾಗ ಸೂಡೋದ (ರೂಟ್ ಅಧಿಕಾರದಲ್ಲಿ ಕೆಲಸ ಮಾಡಿಸುವ ಕಮಾಂಡ್) ಸೆಟ್‌ಯುಐಡಿ ಬಿಟ್ (ಅದಕ್ಕೆ ಆ ಅಧಿಕಾರ ಕೊಡುವ ಗುರುತು) ಹಾರಿ ಹೋಗುದರಿಂದ ಸೂಡೋವೂ ಇಲ್ಲ. ಮೊದಲು ಪರ್ಮಿಷನ್ ಡಿನೈಡ್ ಬರ್ತಿದ್ದದ್ದು ಈಗ ‘ಕನೆಕ್ಷನ್ ರಿಫ್ಯೂಸ್ಡ್’. ಅದಕ್ಕೆ ಅವ ಹೇಳಿದ್ದು, ಡಿಸ್ಕ್ ಹಾಳಾಗಿದೆ, ಫಾರ್ಮ್ಯಾಟ್ ಮಾಡ್ಬೇಕು, ಇನ್ನೂ ದುಡ್ಡು ಹಾಕಿ! ಪುಣ್ಯಕ್ಕೆ ಅಷ್ಟರಲ್ಲಿ ನನಗೆ ಫೋನ್ ಬಂತು, ಏನೂ ಮುಟ್ಟಿಸ್ಬೇಡಿ ಅಂತ ಹೇಳಿದೆ.

ಡಿಸ್ಕಿಗೆ ಎಂತದೂ ಆಗಿರ್ಲಿಲ್ಲ. ರೆಸ್ಕ್ಯೂ ಮೋಡಲ್ಲಿ (ಬೇರೆ ಸಣ್ಣ ಸಿಸ್ಟಮಿಂದ ಏಳಿಸಿ) ಡಿಸ್ಕನ್ನು ಮೌಂಟ್ ಮಾಡಿ ಆಡಿಯೋ ಎಲ್ಲ ಹೊರಗೆ ತೆಗೆದು ಹೊಸ ಸರ್ವರಿಗೆ ಹಾಕಿದ್ವಿ, ಹಳೇದನ್ನು ರಿಪೇರಿ ಮಾಡ್ಲಿಕ್ಕೆ ಹೋಗ್ಲಿಲ್ಲ, ಯಾಕಂದ್ರೆ ಇಡೀ ಸಿಸ್ಟಮಿಗೆ 777 ಕೊಟ್ಟದ್ದನ್ನು ಫೈಲ್ ಫೈಲಾಗಿ ಹಿಂದೆ ತರುದು ನಂಬುವ ಕೆಲಸ ಅಲ್ಲ. ಆವಾಗ್ಲೇ ಕಂಡದ್ದು, ರೂಟಿನ ಆಥರೈಸ್ಡ್ ಕೀಸಲ್ಲಿ ಅವನದ್ದೇ ಒಂದು ಕೀ ಸೇರಿಸಿಟ್ಟಿದ್ದಾನೆ, ಪಾಸ್‌ವರ್ಡ್ ಲಾಗಿನ್ ಕೂಡ ರೂಟಿಗೇ ಆನ್ ಮಾಡಿದ್ದಾನೆ. ನನಗೆ ಹೊಟ್ಟೆ ಉರಿದದ್ದು ಇದಕ್ಕೆ. ಕೇಳುವ ಅಂತ ಫೋನ್ ಮಾಡಿದ್ರೆ ಎತ್ತುದಿಲ್ಲ.

ನಿಮಗೂ ಹೀಗೆ ಬಾಗಿಲು ಹಾಕ್ಕೊಂಡ್ರೆ ಮೊದಲು ಎರರ್ ಓದಿ. ಟೈಮ್ಡ್ ಔಟ್ ಅಂದ್ರೆ ನಮ್ಮ ಮಾತು ಅಲ್ಲಿಗೆ ಮುಟ್ಟುದೇ ಇಲ್ಲ, ಫೈರ್‌ವಾಲ್ ಅಥವಾ ಐಪಿ ನೋಡಿ. ರಿಫ್ಯೂಸ್ಡ್ ಅಂದ್ರೆ ಹೆಚ್ಚಾಗಿ ಆ ಪೋರ್ಟಲ್ಲಿ ಎಸ್ಎಸ್ಎಚ್ ಓಡ್ತಾ ಇಲ್ಲ. ಪರ್ಮಿಷನ್ ಡಿನೈಡ್ ಬಂದ್ರೆ ಸರ್ವರ್ ಜೀವಂತ ಉಂಟು, ನೆಟ್ಟೂ ಸರಿ ಉಂಟು, ಯೂಸರ್ ಹೆಸರು, ಕೀ, ಫೋಲ್ಡರ್ ಪರ್ಮಿಷನ್ ಇಷ್ಟು ನೋಡಿದ್ರೆ ಸಾಕು. ಎಸ್ಎಸ್ಎಚ್ ಕಮಾಂಡ್ ಜೊತೆ ಮೈನಸ್ ವಿ (-v) ಹಾಕಿದ್ರೆ ಎಲ್ಲಿ ನಿಂತಿತು ಅಂತ ಅದೇ ಹೇಳ್ತದೆ.

ಈಗಾಗ್ಲೇ ಯಾರಿಗಾದ್ರೂ ಕೀ ಕಳಿಸಿದ್ದೀರಾದ್ರೆ ಚಾಟಿಂದ ಡಿಲೀಟ್ ಮಾಡಿದ್ರೆ ಆಗುದಿಲ್ಲ. ಹೊಸ ಕೀ ಮಾಡಿ, ಹಳೇದು ಯಾವ್ಯಾವ ಸರ್ವರಲ್ಲಿ, ಗಿಟ್ (ಕೋಡ್ ಇಡುವ) ಅಕೌಂಟಲ್ಲಿ ಉಂಟೋ ಅಲ್ಲೆಲ್ಲ ತೆಗೀರಿ, ಪ್ಯಾನೆಲ್ ಪಾಸ್‌ವರ್ಡ್ ಇವತ್ತೇ ಬದಲಾಯಿಸಿ.