ಅಮೆರಿಕದ ಸೀನಿಯರ್ ಡಿಸ್ಕೌಂಟ್: ಬಾಯಿಬಿಟ್ಟು ಕೇಳಿದರೆ ಮಾತ್ರ

ಮಕ್ಕಳ ಜೊತೆ ಇರಲು ಅಮೆರಿಕಕ್ಕೆ ಬರುವ ಅಪ್ಪ ಅಮ್ಮಂದಿರಿಗೆ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಅಂಗಡಿ, ಹೋಟೆಲು, ಸಿನಿಮಾ ಎಲ್ಲ ಕಡೆ ವಯಸ್ಸಾದವರಿಗೆ ಡಿಸ್ಕೌಂಟ್ ಇದೆ ಅನ್ನುತ್ತಾರೆ. ಇದೆ, ಸುಳ್ಳಲ್ಲ. ಆದರೆ ಯಾರೂ ತಾವಾಗಿ ಕೊಡುವುದಿಲ್ಲ. ಬಹಳ ಕಡೆ ಬೋರ್ಡ್ ಕೂಡ ಇರಲ್ಲ. ಕೌಂಟರಿನ ಹುಡುಗಿ ನಿಮ್ಮ ಬಿಳಿ ಕೂದಲು ನೋಡುತ್ತಾಳೆ, ಚೆನ್ನಾಗಿ ನಗುತ್ತಾಳೆ, ಹೇಗಿದ್ದೀರಿ ಅಂತ ವಿಚಾರಿಸುತ್ತಾಳೆ, ಪೂರ್ತಿ ದುಡ್ಡು ತಗೊಂಡು ಕಳಿಸುತ್ತಾಳೆ. ಅವಳದ್ದೇನೂ ತಪ್ಪಿಲ್ಲ. ನಾವು ಕೇಳಲಿಲ್ಲ, ಅವಳು ಕೊಡಲಿಲ್ಲ, ಅಷ್ಟೇ.

ನಾವು ತುಮಕೂರಿನವರು. ನಾನು ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದೆ. ರಿಟೈರ್ ಆಗಿ, ಗ್ರೀನ್ ಕಾರ್ಡ್ ಬಂದ ಮೇಲೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಮಗನ ಮನೆಯಲ್ಲಿದ್ದೇವೆ. ಈಗ ಕೆಲವು ವರ್ಷವಾಯಿತು. ಪಿಂಚಣಿ ಬರುವುದು ರೂಪಾಯಿಯಲ್ಲಿ, ಖರ್ಚಾಗುವುದು ಡಾಲರಿನಲ್ಲಿ. ಮಗ ಕಾರ್ಡ್ ಕೊಟ್ಟಿದ್ದಾನೆ, ಬೇಕಾದ್ದು ತಗೋ ಅಮ್ಮ ಅಂತಾನೆ, ಆದರೆ ಅವನ ಫೋನಿಗೆ ತಕ್ಷಣ ಮೆಸೇಜ್ ಹೋಗುತ್ತಲ್ಲ, ನಾನು ಎರಡು ಜೊತೆ ಕಾಲುಚೀಲ ತಗೊಂಡಿದ್ದೂ ಅವನ ಆಫೀಸ್ ಮೀಟಿಂಗಿನಲ್ಲಿ ಟಿಣ್ ಅನ್ನುತ್ತೆ. ಅದಕ್ಕೇ ನನ್ನ ಸಣ್ಣಪುಟ್ಟ ಖರ್ಚು ನನ್ನದೇ ದುಡ್ಡಿನಲ್ಲಿ ಅಂತ ಇಟ್ಟುಕೊಂಡಿದ್ದೇನೆ. ಹಾಗಾಗಿ ಹತ್ತು ಪರ್ಸೆಂಟು, ಹದಿನೈದು ಪರ್ಸೆಂಟು ನನಗೆ ಸಣ್ಣದಲ್ಲ.

ಎಲ್ಲೆಲ್ಲಿ ಎಷ್ಟು ಅನ್ನುವ ಪಟ್ಟಿ ನಿಮ್ಮ ವಾಟ್ಸಾಪಿಗೂ ಬಂದಿರುತ್ತೆ, ಅದನ್ನು ಇಲ್ಲಿ ಬರೆಯಲ್ಲ. ಅದರಲ್ಲಿ ಅರ್ಧ ಹಳೇದು. ಅಂಗಡಿಗೊಂದು ವಯಸ್ಸು, ಒಂದು ಕಡೆ 55, ಇನ್ನೊಂದು ಕಡೆ 60, ಮತ್ತೊಂದು ಕಡೆ 65. ಒಂದೇ ಹೆಸರಿನ ಹೋಟೆಲಿನಲ್ಲೂ ಈ ಬೀದಿಯಲ್ಲಿ ಕೊಡುತ್ತಾರೆ, ಆ ಬೀದಿಯಲ್ಲಿ ಇಲ್ಲ, ಯಾಕೆಂದರೆ ಮಾಲೀಕರು ಬೇರೆ ಬೇರೆ. ನಾನು ಹೋಗಿ, ಕೇಳಿ, ತಗೊಂಡ ಕಡೆಯದ್ದು ಮಾತ್ರ ಹೇಳುತ್ತೇನೆ.

ಮೊದಲು ಒಂದು ಕೆಲಸ ಮಾಡಿ. ಇಲ್ಲೇ ಇರುವವರಾದರೆ ಡಿಎಂವಿಗೆ, ಅಂದರೆ ನಮ್ಮ ಆರ್‌ಟಿಒ ಥರದ ಆಫೀಸಿಗೆ, ಹೋಗಿ ಕ್ಯಾಲಿಫೋರ್ನಿಯಾ ಐಡಿ ಮಾಡಿಸಿಕೊಳ್ಳಿ. 62 ದಾಟಿದವರಿಗೆ ಸೀನಿಯರ್ ಐಡಿ ಕಾರ್ಡ್ ಪುಕ್ಕಟೆ, ಹತ್ತು ವರ್ಷ ನಡೆಯುತ್ತೆ. ಪಾಸ್‌ಪೋರ್ಟ್ ಹೊತ್ತುಕೊಂಡು ಬಟ್ಟೆ ಅಂಗಡಿಗೆ ಹೋಗೋದು ತಪ್ಪುತ್ತೆ. ನಾನು ಮೊದಮೊದಲು ಹಾಗೇ ಹೋಗುತ್ತಿದ್ದೆ, ವ್ಯಾನಿಟಿ ಬ್ಯಾಗಿನ ಜಿಪ್ಪಿನ ಮೇಲೇ ಒಂದು ಕೈ.

ಇನ್ನು ಬುಧವಾರ. ಕೋಲ್ಸ್ ಅಂಗಡಿಯಲ್ಲಿ ಬುಧವಾರ 60 ದಾಟಿದವರಿಗೆ 15 ಪರ್ಸೆಂಟ್ ಕಡಿಮೆ, ಅಂಗಡಿಗೇ ಹೋಗಬೇಕು, ಆನ್‌ಲೈನಿನಲ್ಲಿ ಸಿಗಲ್ಲ, ಕೆಲವು ಬ್ರ್ಯಾಂಡುಗಳಿಗೆ ಅನ್ವಯಿಸಲ್ಲ. ನನ್ನ ವಾರವೇ ಈಗ ಬುಧವಾರದಿಂದ ಶುರುವಾಗುವುದು. ಮೊಮ್ಮಗಳು ಸ್ಕೂಲಿಗೆ ಹೋದ ಮೇಲೆ ಉಪ್ಪಿಟ್ಟೋ ಅವಲಕ್ಕಿಯೋ ತಿಂದು, ಇನ್ನೊಂದು ಅರ್ಧ ಲೋಟ ಕಾಫಿ ಕುಡಿದು, ಸೀರೆ ಬದಲಿಸಿ ಚೂಡಿದಾರ್ ಹಾಕಿ, ಮೇಲೊಂದು ಸ್ವೆಟರ್ ಏರಿಸಿ ಬಸ್ಸಿಗೆ ಹೊರಡುತ್ತೇನೆ. ಹೋಗಿ ನೋಡಿದರೆ ಅಂಗಡಿ ತುಂಬ ನಮ್ಮ ವಯಸ್ಸಿನವರೇ. ವಾಕರ್ ತಳ್ಳಿಕೊಂಡು ಬರುವ ಬಿಳಿಯಜ್ಜಿಯರು, ಬೆನ್ನ ಹಿಂದೆ ಕೈ ಕಟ್ಟಿಕೊಂಡು ಓಡಾಡುವ ಚೀನಾದ ತಾತಂದಿರು, ಜೋಡಿಯಾಗಿ ಬರುವ ಪಂಜಾಬಿಗಳು, ಗುಜರಾತಿಗಳು. ಒಬ್ಬರು ಗುಜರಾತಿ ಬೆನ್ ಇದ್ದಾರೆ, ಅವರಿಗೆ ಕನ್ನಡ ಬರಲ್ಲ, ನನಗೆ ಗುಜರಾತಿ ಬರಲ್ಲ, ಇಬ್ಬರ ಹಿಂದಿಯೂ ಅಷ್ಟಕ್ಕಷ್ಟೆ. ಆದರೂ ಟವೆಲಿನ ಮೂಲೆ ಬೆರಳಲ್ಲಿ ಉಜ್ಜಿ ನೋಡಿ, ಇದು ಒಗೆದರೆ ಜಾಳಾಗುತ್ತೆ ಅಂತ ಅವರು ತಲೆ ಅಲ್ಲಾಡಿಸಿದರೆ ನನಗೆ ಅರ್ಥವಾಗುತ್ತೆ. ಅವರು ಬೇಡ ಅಂದ ಟವೆಲನ್ನು ನಾನು ತಗೊಂಡಿದ್ದಿಲ್ಲ.

ಮಂಗಳವಾರ ರಾಸ್ ಅಂಗಡಿ, 55 ದಾಟಿದವರಿಗೆ ಹತ್ತು ಪರ್ಸೆಂಟ್. ಅಲ್ಲಿ ಮೊದಲೇ ಬೆಲೆ ಕಡಿಮೆ, ಆದರೆ ಸಾಮಾನು ಚೆಲ್ಲಾಪಿಲ್ಲಿ, ಹುಡುಕುವ ತಾಳ್ಮೆ ಬೇಕು. ಸ್ಟೀಲ್ ಪಾತ್ರೆ, ಮಕ್ಕಳ ಬಟ್ಟೆಗೆ ಒಳ್ಳೇದು. ಅದಕ್ಕಿಂತ ಜಾಸ್ತಿ ಹೇಳೋದಿಲ್ಲ.

ಈಗ ಕೇಳುವ ವಿಷಯ. ನಮ್ಮ ಯಜಮಾನರಿದ್ದಾರಲ್ಲ, ಸರ್ಕಾರಿ ಕೆಲಸದಲ್ಲಿದ್ದವರು. ತುಮಕೂರಿನ ಮಾರ್ಕೆಟ್ಟಿನಲ್ಲಿ ಒಂದು ಕಟ್ಟು ಮೆಂತ್ಯ ಸೊಪ್ಪಿಗೆ ಎರಡು ರೂಪಾಯಿ ಇಳಿಸಲು ಗಾಡಿ ಸ್ಟ್ಯಾಂಡ್ ಹಾಕಿ ನಿಂತು ವಾದ ಮಾಡುತ್ತಿದ್ದ ಮನುಷ್ಯ. ಇಲ್ಲಿ ಕೌಂಟರ್ ಮುಂದೆ ಬಾಯಿಯೇ ಬಿಡಲ್ಲ. "ಕೈಯೊಡ್ಡಿದ ಹಾಗಾಗುತ್ತೆ ಕಣೇ, ಬಿಡು" ಅಂತಾರೆ. ಅಲ್ಲಿ ಆ ಸೊಪ್ಪಿನವಳ ಹತ್ತಿರ ಕೇಳಿದಾಗ ಆಗದ ಅವಮಾನ ಇಲ್ಲಿ ಇಷ್ಟು ದೊಡ್ಡ ಕಂಪನಿಯವರು ತಾವೇ ಮಾಡಿದ ನಿಯಮವನ್ನು ಕೇಳಿದರೆ ಹೇಗಾಗುತ್ತೆ? ನಾನು ಕೇಳಿದೆ. ಉತ್ತರ ಬರಲಿಲ್ಲ. ನನ್ನ ಅಂದಾಜು ಏನೆಂದರೆ, ಅಲ್ಲಿ ಕೇಳುವಾಗ ವಯಸ್ಸು ಹೇಳಬೇಕಿರಲಿಲ್ಲ.

ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಅಂತ ನಮ್ಮಮ್ಮ ಹೇಳುತ್ತಿದ್ದರು. ನಾನು ಸೊಸೆಯ ಹತ್ತಿರ ಒಂದು ವಾಕ್ಯ ಕಲಿತೆ. ಉದ್ದ ಏನಿಲ್ಲ, "ಡು ಯು ಹ್ಯಾವ್ ಎ ಸೀನಿಯರ್ ಡಿಸ್ಕೌಂಟ್?" ಅಷ್ಟೇ. ಬಿಲ್ ಮಾಡುವ ಮೊದಲೇ ಹೇಳಬೇಕು. ಇದು ಮುಖ್ಯ. ಒಂದು ಹೋಟೆಲಿನಲ್ಲಿ ಬಿಲ್ ಬಂದ ಮೇಲೆ ಕೇಳಿದ್ದಕ್ಕೆ, ಆ ಹುಡುಗ ಒಳಗೆ ಹೋಗಿ ಮ್ಯಾನೇಜರ್ ಹತ್ತಿರ ಮಾತಾಡಿ ಬಂದು ಸಾರಿ ಮ್ಯಾಮ್ ಅಂದ. ಇನ್ನೊಂದು ದಿನಸಿ ಅಂಗಡಿಯಲ್ಲಿ ತಿಂಗಳಿಗೊಂದು ದಿನ ಅಂತ ಕೊಡುತ್ತಿದ್ದರು, ಸದ್ದಿಲ್ಲದೆ ನಿಲ್ಲಿಸಿದರು. ನಾನು ಅದೇ ದಿನ ನೋಡಿಕೊಂಡು ಹೋಗಿ, ಗಾಡಿ ತುಂಬ ಸಾಮಾನು ಹಾಕಿಕೊಂಡು ಸಾಲಿನಲ್ಲಿ ನಿಂತು, ಕೌಂಟರಿನಲ್ಲಿ ಕೇಳಿದರೆ ಈಗ ಇಲ್ಲ ಅನ್ನುತ್ತಾರೆ! ಹಿಂದೆ ಐದಾರು ಜನ. ಸಾಮಾನು ವಾಪಸ್ ಇಡೋಕಾಗುತ್ತಾ? ಪೂರ್ತಿ ದುಡ್ಡು ತೆತ್ತು ಬಂದೆ, ಆ ಕಡೆ ಮತ್ತೆ ಹೋಗಿಲ್ಲ.

ಹೋಟೆಲಿನ ಕಥೆ ಬೇರೆ. ಐಹಾಪ್‌ನಲ್ಲಿ 55+ ಅಂತ ಮೆನುವಿನಲ್ಲೇ ಒಂದು ಭಾಗ ಇದೆ, ಡೆನ್ನೀಸ್‌ನಲ್ಲೂ ಇದೆ. ಅಚ್ಚು ಹಾಕಿಸಿದ್ದಾರೆ, ಹಾಗಾಗಿ ಕೇಳುವ ಕಷ್ಟವಿಲ್ಲ, ಬೆರಳಿಟ್ಟು ತೋರಿಸಿದರಾಯಿತು, ಯಜಮಾನರಿಗೂ ಅಡ್ಡಿಯಿಲ್ಲ. ಆದರೆ ನಮ್ಮಂಥವರಿಗೆ ಅದರಲ್ಲಿ ಏನಿದೆ? ಮೊಟ್ಟೆ. ಮೊಟ್ಟೆಯ ಜೊತೆ ಬೇಕನ್, ಅಂದರೆ ಹಂದಿ ಮಾಂಸ. ಇಲ್ಲ ಅಂದರೆ ಫ್ರೆಂಚ್ ಟೋಸ್ಟ್, ಅದೂ ಮೊಟ್ಟೆಯಲ್ಲಿ ಅದ್ದಿದ್ದು. ಕೇಕಿನಲ್ಲಿರುವ ಮೊಟ್ಟೆಗೆ ನಾವು ಕಣ್ಣು ಮುಚ್ಚಿಕೊಳ್ಳುತ್ತೇವೆ, ಮೊಮ್ಮಗಳ ಹುಟ್ಟುಹಬ್ಬಕ್ಕೆ ಬೇರೆ ದಾರಿಯಿಲ್ಲ, ಆದರೆ ಆಮ್ಲೆಟ್ ಎದುರಿಗೇ ಬಂದು ಕೂತರೆ ಆಗಲ್ಲ. ಬೇಕನ್ ಬದಲಿಗೆ ಹಣ್ಣು ಕೊಡಿ, ಮೊಟ್ಟೆ ಬೇಡ, ಹ್ಯಾಶ್ ಬ್ರೌನ್ ಜಾಸ್ತಿ ಹಾಕಿ ಅಂತೆಲ್ಲ ಮಗ ವಿವರಿಸುತ್ತಾ ಹೋದರೆ ಬರೆದುಕೊಳ್ಳುವ ಹುಡುಗಿಯ ಪೆನ್ನು ನಿಂತುಹೋಗುತ್ತೆ. ಕೊನೆಗೆ ನಮ್ಮ ತಟ್ಟೆಗೆ ಬರುವುದು ತುರಿದು ಹುರಿದ ಆಲೂಗಡ್ಡೆ, ನಾಲ್ಕು ಸ್ಟ್ರಾಬೆರಿ. ಒಂದು ಒಳ್ಳೆಯ ಮಾತು ಹೇಳಬೇಕು ಅಂದರೆ, 55+ ಅಂದರೆ ತಟ್ಟೆ ಚಿಕ್ಕದು. ಇಲ್ಲಿಯ ಮಾಮೂಲಿ ತಟ್ಟೆ ನೋಡಿಯೇ ನನಗೆ ಹೊಟ್ಟೆ ತುಂಬಿಬಿಡುತ್ತೆ. ಮೊಟ್ಟೆ ತಿನ್ನುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ದುಡ್ಡು ಉಳಿಯುವುದಕ್ಕಿಂತ ಆ ಚಿಕ್ಕ ತಟ್ಟೆಯೇ ಲಾಭ.

ನಮ್ಮ ಕಡೆಯ ಹೋಟೆಲುಗಳಲ್ಲಿ? ನಾನು ಹೋದ ಒಂದರಲ್ಲೂ ಇಲ್ಲ. ಮಸಾಲೆ ದೋಸೆಗೆ ಟ್ಯಾಕ್ಸು, ಟಿಪ್ಸು ಎಲ್ಲ ಸೇರಿ ಆಗುವ ದುಡ್ಡಿಗೆ ತುಮಕೂರಿನಲ್ಲಿ ಮನೆಮಂದಿಯೆಲ್ಲ ತಿಂದು ಕಾಫಿ ಕುಡಿದು ಬರಬಹುದು. ಒಂದು ಕಡೆ ಸಲುಗೆಯಿಂದ ಕೇಳಿಯೇಬಿಟ್ಟೆ. ಮಾಲೀಕ ಜೋರಾಗಿ ನಕ್ಕು, "ಆಂಟಿ, ಇಲ್ಲಿ ಎಲ್ಲರೂ ಅಪ್ಪ ಅಮ್ಮನ್ನ ಕರ್ಕೊಂಡೇ ಬರ್ತಾರೆ, ಕೊಟ್ರೆ ನಾನು ಬಾಗಿಲು ಹಾಕ್ಬೇಕಾಗುತ್ತೆ" ಅಂದ. ಆಮೇಲೆ ತಾನೇ ಎರಡು ಲೋಟ ಕಾಫಿ ತಂದಿಟ್ಟ, ಬಿಲ್ಲಿಗೆ ಹಾಕಲಿಲ್ಲ. ಅದೂ ಡಿಸ್ಕೌಂಟೇ ಅಲ್ವಾ?

ಹೀಗೆ ಕೇಳಿ ಕೇಳಿ ನನಗೊಂದು ವಿಚಿತ್ರ ಆಯಿತು. ಮೊದಲು ಎದೆ ಡವಗುಟ್ಟುತ್ತಿತ್ತು, ಈಗ ಅದೇ ಇಷ್ಟ. ಯೋಚಿಸಿ ನೋಡಿ, ಈ ಊರಿನಲ್ಲಿ ನಾನೊಬ್ಬಳೇ ಹೋಗಿ ಬಾಯಿಬಿಟ್ಟು ಇಂಗ್ಲಿಷಿನಲ್ಲಿ ಮಾತಾಡುವ ಜಾಗ ಬೇರೆ ಯಾವುದಿದೆ? ಡಾಕ್ಟರ ಹತ್ತಿರ ಮಗ ಮಾತಾಡುತ್ತಾನೆ, ಸ್ಕೂಲಿನಲ್ಲಿ ಸೊಸೆ, ಫೋನು ಬಂದರೆ ಮೊಮ್ಮಗಳು. ಕೌಂಟರಿನಲ್ಲಿ ನಾನೇ. ಒಂದು ದಿನ ಕ್ಯಾಷಿಯರ್ ನನ್ನನ್ನು ನೋಡಿ, ನಿಮಗೆ 60 ಆಗಿದೆಯಾ, ಐಡಿ ತೋರಿಸಿ ಅಂದಳು. ನನಗೆ 67. ಮನೆಗೆ ಬಂದು ಎಲ್ಲರಿಗೂ ಹೇಳಿದೆ. ಯಜಮಾನರಿಗೆ ಆ ಸುಖ ಸಿಗಲಿಲ್ಲ ಪಾಪ, ಅವರಿಗೆ ಒಂದು ಕಡೆ ಕೇಳದೆಯೇ ಕೊಟ್ಟರು, ಅವತ್ತೆಲ್ಲ ಮುಖ ಗಂಟು ಹಾಕಿಕೊಂಡಿದ್ದರು.

ಅವರು ಖುಷಿಯಾಗಿ ಬಳಸುವುದು ಎರಡೇ. ಒಂದು ಸಿನಿಮಾ. ಎಎಂಸಿ ಥಿಯೇಟರಿನಲ್ಲಿ 60 ದಾಟಿದವರಿಗೆ ಟಿಕೆಟ್ ಕಡಿಮೆ, ಫೋನಿನಲ್ಲೇ ಸೀನಿಯರ್ ಅಂತ ಒತ್ತಿದರಾಯಿತು, ಯಾರ ಮುಖವನ್ನೂ ನೋಡಬೇಕಿಲ್ಲ. ಇನ್ನೊಂದು ಕ್ಲಿಪ್ಪರ್ ಕಾರ್ಡ್, ಇಲ್ಲಿಯ ಬಸ್ಸು ರೈಲಿಗೆ ದುಡ್ಡು ಕಟ್ಟುವ ಕಾರ್ಡ್. 65 ಆದವರಿಗೆ ಸೀನಿಯರ್ ಕಾರ್ಡ್ ಬೇರೆ ಕೊಡುತ್ತಾರೆ. ಬಸ್ಸಿನಲ್ಲಿ, ಬಾರ್ಟ್ ರೈಲಿನಲ್ಲಿ ಆ ಕಾರ್ಡ್ ತಾಗಿಸಿದರೆ ಸಾಕು, ಯಂತ್ರವೇ ಕಡಿಮೆ ದುಡ್ಡು ಕತ್ತರಿಸಿಕೊಳ್ಳುತ್ತೆ. ಬಾರ್ಟ್‌ನಲ್ಲಂತೂ ಅರ್ಧಕ್ಕಿಂತ ಜಾಸ್ತಿ ಉಳಿತಾಯ. ಈ ಕಾರ್ಡ್ ತೋರಿಸಿ ಅವರು ಊರಿನ ವಿಷಯ ತೆಗೆಯುತ್ತಾರೆ. ಊರಿನಲ್ಲಿ ಕೆಎಸ್‌ಆರ್‌ಟಿಸಿಯಲ್ಲಿ 60 ದಾಟಿದವರಿಗೆ 25 ಪರ್ಸೆಂಟ್ ರಿಯಾಯಿತಿ ಇದೆ, 2023ರ ಜೂನಿನಿಂದ ಶಕ್ತಿ ಯೋಜನೆ ಬಂದ ಮೇಲೆ ನನಗೆ ಪೂರ್ತಿ ಫ್ರೀ. ನಾನು ಆಧಾರ್ ತೋರಿಸಿ ಸೊನ್ನೆ ಟಿಕೆಟ್ ತಗೊಂಡರೆ ಪಕ್ಕದಲ್ಲಿ ಅವರು ಮುಕ್ಕಾಲು ಟಿಕೆಟ್. ರೈಲಿನದ್ದು ಕೇಳಲೇಬೇಡಿ. ಗಂಡಸರಿಗೆ 40, ಹೆಂಗಸರಿಗೆ 50 ಪರ್ಸೆಂಟ್ ಇತ್ತು, 2020ರ ಮಾರ್ಚಿನಲ್ಲಿ ಕೊರೊನಾ ಅಂತ ನಿಲ್ಲಿಸಿದರು. ಆ ಮಾತು ಶುರುವಾದರೆ ನಾನು ಅಡುಗೆಮನೆಗೆ ಹೋಗುತ್ತೇನೆ.

ಹೊಗಳಿದ್ದು ಸಾಕು, ಒಂದು ಖಾರದ ಮಾತೂ ಹೇಳುತ್ತೇನೆ. ಹದಿನೈದು ಪರ್ಸೆಂಟ್ ಉಳಿಸಲು ಹೋಗಿ ಎಂಬತ್ತೈದು ಪರ್ಸೆಂಟ್ ಖರ್ಚು ಮಾಡಿ ಬರುವುದೇ ಜಾಸ್ತಿ. ನನ್ನ ಬೀರು ತೆರೆದರೆ ಗೊತ್ತಾಗುತ್ತೆ. ಸ್ವೆಟರುಗಳ ಸಾಲು, ಅದರಲ್ಲಿ ಎರಡರ ಚೀಟಿಯೂ ಹರಿದಿಲ್ಲ. ಬುಧವಾರ ಅಲ್ವಾ, ಸುಮ್ನೆ ಬರಿಗೈಲಿ ಬರೋದು ಹೇಗೆ ಅಂತ ತಂದವು. ಅಂಗಡಿಯವರು ದಡ್ಡರಲ್ಲ. ವಾರದ ಮಧ್ಯೆ, ಬೆಳಿಗ್ಗೆ, ಬೇರೆ ಯಾರೂ ಬರದ ಹೊತ್ತಿಗೆ ನಮ್ಮನ್ನು ಕರೆಯುತ್ತಾರೆ, ಪುರುಸೊತ್ತಿರುವವರು ನಾವೇ ತಾನೆ. ಈಗ ಚೀಟಿ ಬರೆದುಕೊಂಡು ಹೋಗುತ್ತೇನೆ, ಚೀಟಿಯಲ್ಲಿಲ್ಲದ್ದು ಮುಂದಿನ ಬುಧವಾರಕ್ಕೆ. ಅಷ್ಟರಲ್ಲಿ ಅರ್ಧ ಮರೆತೇ ಹೋಗಿರುತ್ತೆ.

ನನ್ನ ಕೇಳಿದರೆ ಇವೆಲ್ಲಕ್ಕಿಂತ ಮೇಲಿನದ್ದು ಅಂಗಡಿಯದ್ದೇ ಅಲ್ಲ, ನ್ಯಾಷನಲ್ ಪಾರ್ಕಿನ ಸೀನಿಯರ್ ಪಾಸ್. 62 ಆಗಿರಬೇಕು, ಇಲ್ಲಿಯ ಪ್ರಜೆಯೋ ಗ್ರೀನ್ ಕಾರ್ಡಿನವರೋ ಆಗಿರಬೇಕು, ವಿಸಿಟರ್ ವೀಸಾದಲ್ಲಿ ಬಂದವರಿಗೆ ಸಿಗಲ್ಲ. ವರ್ಷಕ್ಕಾದರೆ 20 ಡಾಲರ್, ಜೀವಮಾನಕ್ಕೆ 80. 2017ರ ಆಗಸ್ಟಿನವರೆಗೆ ಇದೇ ಪಾಸ್ ಬರೀ 10 ಡಾಲರಿಗೆ ಸಿಗುತ್ತಿತ್ತಂತೆ, ಅದನ್ನು ನೆನೆದರೆ ಹೊಟ್ಟೆ ಉರಿಯುತ್ತೆ, ಆದರೂ ತಗೊಂಡೆ. ಯೊಸೆಮಿಟಿ ಪಾರ್ಕಿನ ಒಳಗೆ ಹೋಗಲು ಒಂದು ಕಾರಿಗೆ 35 ಡಾಲರ್. ಪಾಸ್ ಇದ್ದವರು ಕಾರಿನಲ್ಲಿದ್ದರೆ ಜೊತೆಗಿರುವವರೂ ಒಳಗೆ. ಮಗ, ಸೊಸೆ, ಮೊಮ್ಮಗಳು, ಯಜಮಾನರು, ಎಲ್ಲರೂ ನನ್ನ ಲೆಕ್ಕದಲ್ಲಿ. ಗೇಟಿನಲ್ಲಿ ಮಗ ಗಾಜು ಇಳಿಸುತ್ತಾನೆ, ಹಿಂದಿನ ಸೀಟಿನಿಂದ ನಾನು ಪಾಸೂ ಐಡಿಯೂ ಮುಂದಕ್ಕೆ ಚಾಚುತ್ತೇನೆ, ಟೋಪಿ ಹಾಕಿದ ರೇಂಜರ್ ಬಗ್ಗಿ ಹಿಂದೆ ನೋಡಿ ನನಗೆ ಕೈ ಬೀಸುತ್ತಾನೆ.

ಪಾಸಿನವರು ಖುದ್ದಾಗಿ ಇರಲೇಬೇಕು ಅನ್ನುವುದು ನಿಯಮ. ಇದರ ಬೆಲೆ ನನಗೆ ಆಮೇಲೆ ಗೊತ್ತಾಯಿತು. ಮೊದಲು ಲಾಂಗ್ ವೀಕೆಂಡ್ ಬಂದರೆ, ನಿನಗೆ ಮಂಡಿನೋವು, ಮನೆಯಲ್ಲೇ ಇರ್ತೀಯಾ ಅಮ್ಮಾ ಅನ್ನುತ್ತಿದ್ದ ಮಗ, ಈಗ ಹೋಗುವ ವಾರ ಮೊದಲೇ ಮಂಡಿಗೆ ಎಣ್ಣೆ ಹಚ್ಚಿದೆಯಾ ಅಂತ ವಿಚಾರಿಸುತ್ತಾನೆ. ಪಾಸ್ ಕಾರಿನಲ್ಲೇ ಇಟ್ಟಿರೋಣ ಅಂತಲೂ ಒಂದೆರಡು ಸಲ ಹೇಳಿ ನೋಡಿದ. ಕಳೆದರೆ ಇನ್ನೊಂದು ಕೊಡುವುದಿಲ್ಲ, ಮತ್ತೆ 80 ಡಾಲರ್ ಕೊಟ್ಟು ಹೊಸದೇ ತಗೋಬೇಕು. ಅದಕ್ಕೆ ನನ್ನ ವ್ಯಾನಿಟಿ ಬ್ಯಾಗಿನಲ್ಲೇ ಇರಲಿ ಅಂದೆ. ಯಜಮಾನರಿಗೂ 62 ದಾಟಿ ಬಹಳ ಕಾಲವಾಗಿದೆ, ಅವರದ್ದೊಂದು ಬೇರೆ ಪಾಸ್ ಮಾಡಿಸೋಣವಾ ಅಂತ ಮೊನ್ನೆ ಮಗ ಕೇಳಿದ. ಸುಮ್ನೆ ದುಡ್ಡು ದಂಡ, ಬೇಡ ಅಂತ ನಾನೇ ಹೇಳಿದೆ.