ಪೈಲ್ಸ್ ಅಂದುಕೊಂಡು ಹನ್ನೊಂದು ತಿಂಗಳು ಕಳೆದೆವು

ಅಪ್ಪನ ಹಿಮೋಗ್ಲೋಬಿನ್ 5.8ಕ್ಕೆ ಇಳಿದಿದೆ, ತಕ್ಷಣ ಆಸ್ಪತ್ರೆಗೆ ಹೋಗಿ ಎಂದು ಲ್ಯಾಬ್‌ನಿಂದ ಫೋನ್ ಬಂದಾಗ ಅವರು ನನ್ನೆದುರೇ ಕೂತು ಪೇಪರ್ ಓದುತ್ತಿದ್ದರು. ಮುಖ ಬಿಳಿಚಿಕೊಂಡಿತ್ತು, ಉಗುರುಗಳಲ್ಲಿ ಕೆಂಪೇ ಇರಲಿಲ್ಲ. ದಿನಾ ನೋಡುವ ನನಗೆ ಅದು ಕಂಡಿರಲಿಲ್ಲ. ಒಂದೇ ದಿನ ಇಳಿದಿದ್ದರೆ ಎದ್ದು ಓಡುತ್ತಿದ್ದೆವು. ಇದು ಹನ್ನೊಂದು ತಿಂಗಳು ಕರುಳಿನಿಂದ ತೊಟ್ಟು ತೊಟ್ಟಾಗಿ ಹೋದ ರಕ್ತ. ನಿಮ್ಮ ಮನೆಯ ಹಿರಿಯರಿಗೆ ಹೀಗಾಗದಿರಲಿ ಅಂತಲೇ ಬರೆಯುತ್ತಿದ್ದೇನೆ.

ಅಪ್ಪನಿಗೆ 72 ವರ್ಷ. ಒಂದು ಬೆಳಿಗ್ಗೆ ಶೌಚದಲ್ಲಿ ರಕ್ತ ಕಂಡಿತು. ನೋವಿಲ್ಲ, ಉರಿಯಿಲ್ಲ. ಸಂಕೋಚದಿಂದ ನಾಲ್ಕು ದಿನ ಯಾರಿಗೂ ಹೇಳಲಿಲ್ಲ, ಅಷ್ಟರಲ್ಲಿ ತಾನಾಗಿಯೇ ನಿಂತೂಹೋಯಿತು. ಹತ್ತಿರದ ಕ್ಲಿನಿಕ್‌ನಲ್ಲಿ ಪರೀಕ್ಷೆಯನ್ನೇ ಮಾಡದೆ "ಈ ವಯಸ್ಸಿಗೆ ಪೈಲ್ಸ್ ಸಾಮಾನ್ಯ" ಎಂದು ಮುಲಾಮು ಬರೆದುಕೊಟ್ಟರು. ಎರಡು ತಿಂಗಳಾದ ಮೇಲೆ ಸುಸ್ತು ಅಂದರು, ಕಬ್ಬಿಣದ ಮಾತ್ರೆ ಬಂತು. ಹಿಮೋಗ್ಲೋಬಿನ್ ಸ್ವಲ್ಪ ಏರಿತು, ಮತ್ತೆ ಇಳಿಯಿತು, ಮಾತ್ರೆ ಎರಡಾಯಿತು. ಆ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಹಾಗಾಗಿ ಬಣ್ಣ ಬದಲಾದದ್ದನ್ನೂ ಮಾತ್ರೆಯ ಲೆಕ್ಕಕ್ಕೇ ಹಾಕಿಬಿಟ್ಟೆವು. ಕೊಟ್ಟ ಕಬ್ಬಿಣವೆಲ್ಲ ಎಲ್ಲಿಗೆ ಹೋಗುತ್ತಿದೆ ಎಂದು ವೈದ್ಯರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ನನಗೆ ಇವತ್ತಿಗೂ ಸಂಕಟವಾಗುವುದು ಇದಕ್ಕೇ.

ಆಸ್ಪತ್ರೆಯಲ್ಲಿ ಮೂರು ಬಾಟಲಿ ರಕ್ತ ಕೊಟ್ಟು ಕೊಲೊನೋಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ, ಮಾಡಿದರು. ಹಿಂದಿನ ರಾತ್ರಿ ಕರುಳು ಸ್ವಚ್ಛವಾಗಲೆಂದು ಕೊಟ್ಟ ಭೇದಿಯ ದ್ರಾವಣವನ್ನು ಅಪ್ಪ ಅರ್ಧ ಕುಡಿದು ಸಾಕೆಂದಿದ್ದರು, ನಾವೂ ಒತ್ತಾಯಿಸಿರಲಿಲ್ಲ. ರಿಪೋರ್ಟ್‌ನಲ್ಲಿ ನಾರ್ಮಲ್ ಎಂದಿತ್ತು. ಖುಷಿಯಿಂದ ಮನೆಗೆ ಬಂದೆವು. ಕೊನೆಯ ಸಾಲಿನಲ್ಲಿ "ಕರುಳು ಸ್ವಚ್ಛವಾಗಿಲ್ಲ, ಬಲಭಾಗ ಸರಿಯಾಗಿ ಕಂಡಿಲ್ಲ" ಎಂದು ಬರೆದದ್ದನ್ನು ಯಾರೂ ನಮಗೆ ಓದಿ ಹೇಳಲಿಲ್ಲ. ಆರು ವಾರದ ನಂತರ ಒಂದು ರಾತ್ರಿ ಅಪ್ಪ ಬಚ್ಚಲಲ್ಲಿ ತಲೆಸುತ್ತಿ ಬಿದ್ದರು. ಈ ಸಲ ಹೋದದ್ದು ಕಡುಗೆಂಪು ರಕ್ತ, ಗಟ್ಟಿ ಹೆಪ್ಪುಗಳ ಸಮೇತ.

ಬೇರೆ ಆಸ್ಪತ್ರೆಯಲ್ಲಿ, ಕರುಳು ಪೂರ್ತಿ ತೊಳೆದ ಮೇಲೆ ಮಾಡಿದ ಎರಡನೇ ಕೊಲೊನೋಸ್ಕೋಪಿಯಲ್ಲಿ ಕಾರಣ ಸಿಕ್ಕಿತು. ದೊಡ್ಡ ಕರುಳು ಶುರುವಾಗುವ ಬಲಭಾಗದಲ್ಲಿ, ಜೇಡರ ಕಾಲಿನ ಹಾಗೆ ಕವಲೊಡೆದ ಮೂರು ಕೆಂಪು ಚುಕ್ಕೆಗಳು. ಒಂದೊಂದೂ ಕೆಲವೇ ಮಿಲಿಮೀಟರ್. ಹೆಸರು ಆಂಜಿಯೋಡಿಸ್‌ಪ್ಲಾಸಿಯಾ. ವರ್ಷಗಟ್ಟಲೆ ಕರುಳಿನ ಸ್ನಾಯು ಹಿಂಡುವಾಗ ಗೋಡೆಯೊಳಗಿನ ಸಣ್ಣ ರಕ್ತನಾಳಗಳು ಒತ್ತಿಹೋಗಿ, ಹಿಗ್ಗಿ, ತೆಳ್ಳಗಾಗುತ್ತವೆ ಎಂದು ವೈದ್ಯರು ವಿವರಿಸಿದರು. ಸಾಮಾನ್ಯವಾಗಿ 60 ದಾಟಿದವರಲ್ಲಿ ಕಾಣುತ್ತದೆ. ನೋವಿರುವುದಿಲ್ಲ. ಬಿಟ್ಟು ಬಿಟ್ಟು ಸೋರುತ್ತದೆ, ಹೆಚ್ಚಿನ ಸಲ ತಾನೇ ನಿಲ್ಲುತ್ತದೆ. ನಮ್ಮನ್ನು ಮೋಸಗೊಳಿಸಿದ್ದು ಈ ತಾನೇ ನಿಲ್ಲುವ ಗುಣವೇ.

ಚಿಕಿತ್ಸೆ ಅದೇ ಕೊಳವೆಯ ಮೂಲಕ ಆಯಿತು. ಆರ್ಗಾನ್ ಅನಿಲ ಊದಿ, ಅದರ ಮೂಲಕ ವಿದ್ಯುತ್ ಹರಿಸಿ, ಗೋಡೆಯನ್ನು ಮುಟ್ಟದೆಯೇ ಚುಕ್ಕೆಗಳನ್ನು ಸುಟ್ಟರು. ಬಲಭಾಗದಲ್ಲಿ ಕರುಳಿನ ಗೋಡೆ ತೀರಾ ತೆಳು, ತೂತಾಗುವ ಅಪಾಯವಿರುವುದರಿಂದ ಕಡಿಮೆ ಶಕ್ತಿಯಲ್ಲಿ ಸುಡುತ್ತಾರೆ. ಹೊಟ್ಟೆ ಕೊಯ್ಯಲಿಲ್ಲ. ಆದರೆ ಒಮ್ಮೆ ಸುಟ್ಟರೆ ಮುಗಿಯಿತು ಎಂದು ನಂಬಬೇಡಿ. ಸುಮಾರು ಮೂರರಲ್ಲಿ ಒಬ್ಬರಿಗೆ ಮತ್ತೆ ಸೋರುತ್ತದೆ. ಅಪ್ಪನಿಗೂ ಎಂಟು ತಿಂಗಳಿಗೆ ಇನ್ನೊಮ್ಮೆ ಸುಡಬೇಕಾಯಿತು. ಸಣ್ಣ ಕರುಳಿನಲ್ಲೂ ಇಂಥ ನಾಳಗಳಿರಬಹುದೆಂದು ಆಗ ಕ್ಯಾಮೆರಾ ಇರುವ ಕ್ಯಾಪ್ಸೂಲ್ ನುಂಗಿಸಿ ನೋಡಿದರು. ಪುಣ್ಯಕ್ಕೆ ಅಲ್ಲಿ ಏನೂ ಸಿಗಲಿಲ್ಲ.

ಇನ್ನೊಂದು ವಿಷಯ ಯಾರೂ ನಮಗೆ ಮೊದಲೇ ಹೇಳಿರಲಿಲ್ಲ. ಅಪ್ಪನ ಎದೆಯಲ್ಲಿ ಮರ್ಮರ್ (ಹೃದಯ ಬಡಿತದ ಜೊತೆ ಕೇಳುವ ಹೆಚ್ಚುವರಿ ಶಬ್ದ) ಇದೆ ಎಂದು ಬಹಳ ಹಿಂದೆಯೇ ಗೊತ್ತಿತ್ತು. ಹೊಸ ವೈದ್ಯರು ಅದನ್ನು ಕೇಳಿದ್ದೇ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದರು. ಹೃದಯದ ಮಹಾಪಧಮನಿಯ ಕವಾಟ ಕಿರಿದಾಗಿತ್ತು. 1958ರಲ್ಲೇ ಅಮೆರಿಕದ ವೈದ್ಯ ಎಡ್ವರ್ಡ್ ಹೈಡ್ ಕಿರಿದಾದ ಕವಾಟಕ್ಕೂ ಕರುಳಿನ ರಕ್ತಸ್ರಾವಕ್ಕೂ ಇರುವ ನಂಟನ್ನು ಗುರುತಿಸಿ ಬರೆದಿದ್ದರಂತೆ. ಕಿರಿದಾದ ಕವಾಟದಲ್ಲಿ ರಕ್ತ ರಭಸವಾಗಿ ನುಗ್ಗುವಾಗ ಹೆಪ್ಪುಗಟ್ಟಲು ಬೇಕಾದ ಒಂದು ಪ್ರೋಟೀನ್ ಚೂರಾಗುತ್ತದೆ, ಹೀಗಾಗಿ ಕರುಳಿನ ದುರ್ಬಲ ನಾಳ ಸೋರಿದರೆ ಬೇಗ ನಿಲ್ಲುವುದಿಲ್ಲ. ಕವಾಟ ಬದಲಿಸಿದ ಮೇಲೆ ಅನೇಕರಲ್ಲಿ ರಕ್ತಸ್ರಾವವೂ ನಿಲ್ಲುತ್ತದೆ. ಆ ಬಗ್ಗೆ ಹೃದ್ರೋಗ ತಜ್ಞರ ಜೊತೆ ಮಾತು ನಡೆದಿದೆ. ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಇರುವವರಿಗೂ ಕರುಳಿನ ಈ ತೊಂದರೆ ಹೆಚ್ಚು.

ದಯವಿಟ್ಟು ಇಷ್ಟು ಮಾಡಿ. ವಯಸ್ಸಾದವರಿಗೆ ಮಲದಲ್ಲಿ ರಕ್ತ ಹೋದರೆ, ಒಳಗೆ ನೋಡದೆ ಯಾರಾದರೂ ಪೈಲ್ಸ್ ಅಂದರೆ ಒಪ್ಪಬೇಡಿ. ಇದೇ ಲಕ್ಷಣ ಕರುಳಿನ ಕ್ಯಾನ್ಸರ್‌ನದ್ದೂ ಆಗಿರಬಹುದು. ರಕ್ತ ಕಾಣದಿದ್ದರೂ ಕಬ್ಬಿಣದ ಕೊರತೆ ಮರುಕಳಿಸುತ್ತಿದ್ದರೆ ಕಾರಣ ಹುಡುಕಲು ಹೇಳಿ. ಭೇದಿಯ ದ್ರಾವಣ ಎಷ್ಟೇ ಕಷ್ಟವಾದರೂ ಪೂರ್ತಿ ಕುಡಿಸಿ. ರಿಪೋರ್ಟ್‌ನ ಕೊನೆಯ ಸಾಲಿನವರೆಗೂ ಓದಿ. ಆಸ್ಪಿರಿನ್, ರಕ್ತ ತೆಳುವಾಗಿಸುವ ಮಾತ್ರೆ, ಮಂಡಿನೋವಿನ ಮಾತ್ರೆ ಏನೇ ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಗೆ ತಿಳಿಸಿ, ಆದರೆ ಅವರನ್ನು ಕೇಳದೆ ನೀವಾಗಿಯೇ ನಿಲ್ಲಿಸಬೇಡಿ. ತಲೆಸುತ್ತು, ಎದೆನೋವು, ಏದುಸಿರು ಇದ್ದರೆ ಅಥವಾ ರಕ್ತ ಜಾಸ್ತಿ ಹೋದರೆ ಬೆಳಗಾಗಲಿ ಎಂದು ಕಾಯದೆ ತುರ್ತು ವಿಭಾಗಕ್ಕೆ ಹೋಗಿ.

ಈಗ ಪ್ರತಿ ತಿಂಗಳೂ ಅಪ್ಪನ ರಕ್ತಪರೀಕ್ಷೆ ಆಗುತ್ತದೆ. ಮೊನ್ನೆ ಮಲದ ಬಣ್ಣ ಬೇರೆ ಅನ್ನಿಸುತ್ತಿದೆ ಎಂದು ಅಪ್ಪನೇ ಬಂದು ಹೇಳಿದರು. ಅದೇ ದಿನ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 11.2 ಇತ್ತು.