12.9 ಬೋಲ್ಟ್‌ಗೆ ಜಿಂಕ್ ಪ್ಲೇಟಿಂಗ್ ಮಾಡಿಸುವ ಮುನ್ನ ಇದನ್ನು ಓದಿ

ಪ್ರೆಸ್ ಯಂತ್ರದ ಡೈ (ಅಚ್ಚು) ಹಿಡಿಯುವ 16 ಅಲೆನ್ ಬೋಲ್ಟ್‌ಗಳಿಗೆ ಜಿಂಕ್ ಪ್ಲೇಟಿಂಗ್, ಅಂದರೆ ತೊಟ್ಟಿಯಲ್ಲಿ ಕರೆಂಟ್ ಹರಿಸಿ ಸತುವಿನ ತೆಳು ಪದರ ಕೂರಿಸುವುದು, ಮಾಡಿಸಿದ್ದು ನಾನೇ. ಸ್ಟೋರಿನಲ್ಲಿ ಬಿದ್ದು ಅಲ್ಲಲ್ಲಿ ತುಕ್ಕಿನ ಚುಕ್ಕೆ ಎದ್ದಿತ್ತು, ಇನ್ನು ತುಕ್ಕು ಹಿಡಿಯದಿರಲಿ ಅಂತ ಕೊಟ್ಟೆ. ತಲೆಯ ಮೇಲೆ 12.9 ಎಂದು ಅಚ್ಚಾಗಿತ್ತು, ಅದು ಬೋಲ್ಟ್‌ನ ಬಲ ಹೇಳುವ ಗ್ರೇಡ್. ಸುಮಾರು 1200 ಮೆಗಾಪಾಸ್ಕಲ್ ಎಳೆತ ತಾಳುವ ಗಟ್ಟಿ ಉಕ್ಕು ಅದು. ಆ ಗಟ್ಟಿತನವೇ ಪ್ಲೇಟಿಂಗ್‌ನಲ್ಲಿ ಮುಳುವಾಗುತ್ತದೆ ಅಂತ ಗೊತ್ತಿರಲಿಲ್ಲ.

ಸಂಜೆಯೊಳಗೆ ಫಳಫಳ ಹೊಳೆಯುತ್ತಾ ವಾಪಸ್ ಬಂದವು. ಅವತ್ತೇ ಟಾರ್ಕ್ ವ್ರೆಂಚ್ ಹಿಡಿದು ಬಿಗಿದೆ, ಎಲ್ಲವೂ ಸರಿಯಾಗಿ ಕೂತವು. ಮರುದಿನ ಬೆಳಗ್ಗೆ ಬಾಗಿಲು ತೆಗೆದರೆ ನೆಲದ ಮೇಲೆ ಎರಡು ಬೋಲ್ಟ್ ತಲೆ! ರಾತ್ರಿಯಿಡೀ ಪ್ರೆಸ್ ನಿಂತೇ ಇತ್ತು. ಮೂರನೆಯದು ನಾವು ನೋಡುತ್ತಿದ್ದಂತೆಯೇ ಟಪ್ಪೆಂದು ಸಿಡಿದು, ಕೆಲಸದ ಹುಡುಗನ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಅವನಿಗೇನೂ ಆಗಲಿಲ್ಲ, ಅಷ್ಟೇ ಪುಣ್ಯ.

ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿದೆ. ಹೆಚ್ಚು ಬಿಗಿದು ತುಂಡಾದ ಬೋಲ್ಟ್ ಮೊದಲು ಎಳೆದುಕೊಂಡು ಸಣ್ಣಗಾಗಿರುತ್ತದೆ. ಇದು ಹಾಗಿರಲಿಲ್ಲ. ಸೀಮೆಸುಣ್ಣ ಮುರಿದಂತೆ ಚಪ್ಪಟೆ, ಸಕ್ಕರೆ ಹರಳಿನ ಹಾಗೆ ಮಿನುಗುವ ಕಣಕಣ.

ಕಾರಣ ಹೈಡ್ರೋಜನ್. ತುಕ್ಕು ತೆಗೆಯಲು ಆ್ಯಸಿಡ್‌ನಲ್ಲಿ ಅದ್ದುವಾಗಲೂ, ತೊಟ್ಟಿಯಲ್ಲಿ ಕರೆಂಟ್ ಹರಿಸುವಾಗಲೂ ಅದು ಹುಟ್ಟಿ ಉಕ್ಕಿನೊಳಗೆ ಸೇರುತ್ತದೆ. ಮೇಲೆ ಕೂತ ಜಿಂಕ್ ಪದರ ಅದನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಬೋಲ್ಟ್ ಬಿಗಿದಾಗ ಎಳೆತ ಹೆಚ್ಚಿರುವ ಕಡೆಗೆ, ಅಂದರೆ ತಲೆಯ ಬುಡಕ್ಕೆ, ಮೆಲ್ಲಗೆ ಸರಿದು ಅಲ್ಲಿ ಬಿರುಕು ಹುಟ್ಟಿಸುತ್ತದೆ. ಅದಕ್ಕೇ ಬಿಗಿದ ಕೂಡಲೇ ಏನೂ ಕಾಣುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ–ಓಕ್‌ಲ್ಯಾಂಡ್ ಬೇ ಸೇತುವೆಯಲ್ಲಿ 2013ರ ಮಾರ್ಚ್‌ನಲ್ಲಿ 96 ಆಂಕರ್ ರಾಡ್‌ಗಳ (ಬಿಗಿದು ಹಿಡಿಯುವ ಉದ್ದ ಉಕ್ಕಿನ ಸರಳುಗಳು) ಪೈಕಿ 32 ಮುರಿದವು, ಅವೂ ಬಿಗಿದು ಕೆಲವು ದಿನಗಳಾದ ಮೇಲೆ. ಅವಕ್ಕೆ ಬಳಿದಿದ್ದು ಕರಗಿದ ಸತುವಿನ ಲೇಪ, ಆದರೂ ಮುರಿಸಿದ್ದು ಹೈಡ್ರೋಜನ್ನೇ.

ಪ್ಲೇಟಿಂಗ್‌ನವರನ್ನು ಕೇಳಿದರೆ, "ಬೇಕಿಂಗ್ ಬೇಕು ಅಂತ ನೀವು ಹೇಳಲಿಲ್ಲವಲ್ಲ ಸರ್" ಅಂದರು. ಹೌದು, ಚಲನ್‌ನಲ್ಲಿ ನಾನು ಬರೆದದ್ದು 'ಬೋಲ್ಟ್, 16' ಅಂತ ಮಾತ್ರ. ಆದರೆ ತಲೆಯ ಮೇಲಿನ ಅಂಕಿ ನೋಡಿ ಅವರೂ ಒಂದು ಮಾತು ಕೇಳಬೇಕಿತ್ತು ಅಂತ ಈಗಲೂ ಅನಿಸುತ್ತದೆ.

ದಯವಿಟ್ಟು ಗ್ರೇಡ್ ಬರೆದೇ ಕೊಡಿ. ಬೇಕಿಂಗ್ ಅಂದರೆ ಒಳಗಿನ ಹೈಡ್ರೋಜನ್ ಹೊರಬರಲಿ ಅಂತ ಪ್ಲೇಟಿಂಗ್ ಮುಗಿದ ನಾಲ್ಕು ಗಂಟೆಯೊಳಗೆ ಓವನ್‌ಗೆ ಹಾಕಿ, 190ರಿಂದ 220 ಡಿಗ್ರಿಯಲ್ಲಿ ಹಲವು ಗಂಟೆ ಬಿಡುವುದು. ಪ್ಯಾಸಿವೇಷನ್ (ಜಿಂಕ್ ಪದರವನ್ನು ಕಾಯುವ ರಾಸಾಯನಿಕ ಲೇಪ) ಆಮೇಲೆ, ಮೊದಲೇ ಮಾಡಿದರೆ ಆ ಕಾವಿಗೆ ಅದು ಹಾಳಾಗುತ್ತದೆ. ಗಟ್ಟಿ ಉಕ್ಕಿನ ಸ್ಪ್ರಿಂಗ್‌ಗಳಿಗೂ ಇದೇ ಮಾತು. ನನ್ನನ್ನು ಕೇಳಿದರೆ 12.9ಕ್ಕೆ ಜಿಂಕ್ ತೊಟ್ಟಿಯೇ ಬೇಡ. ಕರೆಂಟ್ ಇಲ್ಲದೆ ಬಳಿಯುವ ಜಿಂಕ್ ಫ್ಲೇಕ್ ಲೇಪ ಸಿಗುತ್ತದೆ, ಅದಕ್ಕೂ ತುಕ್ಕನ್ನು ಆ್ಯಸಿಡ್ ಬದಲು ಶಾಟ್ ಬ್ಲಾಸ್ಟಿಂಗ್‌ನಲ್ಲಿ (ಸಣ್ಣ ಉಕ್ಕಿನ ಗುಂಡುಗಳನ್ನು ರಭಸದಿಂದ ಹೊಡೆದು) ತೆಗೆಸಿ. ಸೂರಿನ ಒಳಗಿನ ಕೆಲಸಕ್ಕಾದರೆ ಪ್ಲೇಟಿಂಗ್ ಇಲ್ಲದ ಕಪ್ಪು ಬೋಲ್ಟ್‌ಗೆ ಎಣ್ಣೆ ಸವರಿದರೂ ಸಾಕು.

ಮುರಿಯದೆ ಉಳಿದ 13 ಬೋಲ್ಟ್‌ಗಳನ್ನು ಈಗ ಬೇಕ್ ಮಾಡಿಸಿ ಬಳಸಬಹುದಾ ಅಂತ ಒಬ್ಬರು ಕೇಳಿದರು. ಒಳಗೆ ಆಗಲೇ ಎದ್ದ ಬಿರುಕು ಓವನ್‌ನಲ್ಲಿ ಕೂಡಿಕೊಳ್ಳುವುದಿಲ್ಲ. ಯಾರೂ ಎತ್ತಿಕೊಂಡು ಬಳಸದಿರಲಿ ಅಂತ ಒಂದೊಂದನ್ನೂ ಕಟಿಂಗ್ ವ್ಹೀಲ್‌ನಲ್ಲಿ ಎರಡು ತುಂಡು ಮಾಡಿ ಗುಜರಿಗೆ ಹಾಕಿದೆ.